ಈಕೋ ವ್ಯಾನಿಗೆ ಫ್ರಿಡ್ಜ್, ಫ್ಯಾನ್, ಮಿಕ್ಸಿ: ಯಾವ ಬ್ಯಾಟರಿ ಹಾಕಿಸಲಿ?

ಮೈಸೂರು ಈಕೋ

ಎಲ್ಲರಿಗೂ ನಮಸ್ಕಾರ. ನಮ್ಮದು 5 ಸೀಟಿನ ಈಕೋ. ಡಿಸೆಂಬರ್‌ನಲ್ಲಿ ಅಮ್ಮ, ನಾನು ಇಬ್ಬರೇ 12 ದಿನ ಹೊರಡುತ್ತಿದ್ದೇವೆ. ಮೈಸೂರಿನಿಂದ ಚಿತ್ರದುರ್ಗ, ಹಂಪಿ, ಬಾದಾಮಿ, ವಿಜಯಪುರ. ವಾಪಸ್ ಬರುವಾಗ ಕಾರವಾರಕ್ಕೆ ಇಳಿದು ಗೋಕರ್ಣ, ಉಡುಪಿ. ಹಿಂದಿನ ಸೀಟು ತೆಗೆಸಿ ಹಲಗೆ, ಹಾಸಿಗೆ ಹಾಕಿ ಆಯಿತು. ಬಾಕಿ ಇರುವುದು ಕರೆಂಟಿನ ಕೆಲಸ.

ಅಮ್ಮನಿಗೆ ಇನ್ಸುಲಿನ್ ಇದೆ, ಹಾಗಾಗಿ ಫ್ರಿಡ್ಜ್ ಬೇಕೇ ಬೇಕು. 25 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಡ್ಜ್ ತಂದಿದ್ದೇನೆ, 45 ವಾಟ್. ರಾತ್ರಿಗೆ ಒಂದು 20 ವಾಟಿನ ಫ್ಯಾನ್, ದಿನಕ್ಕೆ 3 ಗಂಟೆ ಲ್ಯಾಪ್‌ಟಾಪ್, ಎರಡು ಫೋನ್, ಎಲ್‌ಇಡಿ ಲೈಟು. ಆಮೇಲೆ 500 ವಾಟಿನ ಮಿಕ್ಸಿ. ಚಟ್ನಿ ಇಲ್ಲದೆ ಅಮ್ಮ ದೋಸೆ ಮುಟ್ಟುವುದಿಲ್ಲ.

ಅಂಗಡಿಯವರೊಬ್ಬರು ಮನೆಗೆ ಹಾಕುವ 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿ, ಅದೇ ಆಸಿಡ್ ನೀರು ಹಾಕುವಂಥದ್ದು, ಯುಪಿಎಸ್ ಸಾಕು ಅಂದರು. ಹಾಕಿಸಲಾ?

ಹಳೇ ಎಕ್ಸ್‌ಚೇಂಜ್

ಬೇಡಮ್ಮಾ. ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. 2 ವೋಲ್ಟಿನ 24 ಸೆಲ್ ಸಾಲಾಗಿ, 48 ವೋಲ್ಟ್. ಆ ರೂಮಿಗೆ ಎಕ್ಸಾಸ್ಟ್ ಫ್ಯಾನ್ ಯಾಕೆ ಇರುತ್ತಿತ್ತು ಗೊತ್ತಾ? ಚಾರ್ಜ್ ಆಗುವಾಗ ಆ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಅದರ ಪಕ್ಕ ಗಾಜು ಏರಿಸಿಕೊಂಡು ಮಲಗುತ್ತೀರಾ? ತೂಕ ಬೇರೆ 50-60 ಕೆಜಿ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಿದ್ದರೆ ಬೇಗ ಸಾಯುತ್ತದೆ.

ನಿಮ್ಮ ಲೆಕ್ಕ ಹಾಕಿದೆ. ಫ್ರಿಡ್ಜಿನ ಕಂಪ್ರೆಸರ್ ದಿನವಿಡೀ ಓಡುವುದಿಲ್ಲ, ಹತ್ತರಲ್ಲಿ ನಾಲ್ಕು ಪಾಲು ಅಂದುಕೊಳ್ಳಿ. ಸುಮಾರು 430 ವಾಟ್ ಅವರ್ (ವಾಟ್ ಗುಣಿಸು ಗಂಟೆ) ಆಯಿತು. ಫ್ಯಾನ್ 160, ಲ್ಯಾಪ್‌ಟಾಪ್ 200, ಲೈಟು, ಫೋನು ಸೇರಿ 80. ಸೋರಿಕೆ ಸೇರಿಸಿದರೆ ದಿನಕ್ಕೆ 1000ದ ಹತ್ತಿರ. 12.8 ವೋಲ್ಟ್, 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವಾಟ್ ಅವರ್ ಇರುತ್ತದೆ. ತೂಕ 12 ಕೆಜಿ ಆಸುಪಾಸು. ಅದನ್ನೇ ಹಾಕಿಸಿ.

ಆದರೆ ನಾನು ಹೇಳಬೇಕೆಂದಿದ್ದು ಬ್ಯಾಟರಿ ವಿಷಯ ಅಲ್ಲ, ವಯರಿನ ವಿಷಯ. ಬ್ಯಾಟರಿ ಬಗ್ಗೆ ಎಲ್ಲರೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ವಯರನ್ನು ಮಾತ್ರ ಮನೆಯಲ್ಲಿ ಉಳಿದ ತುಂಡಿನಲ್ಲಿ ಮುಗಿಸುತ್ತಾರೆ. ನಾನೂ ಅದನ್ನೇ ಮಾಡಿದೆ, ಇಷ್ಟು ವರ್ಷದ ಅನುಭವ ಇಟ್ಟುಕೊಂಡು! ನನ್ನ ಓಮ್ನಿಯಲ್ಲಿ ಫ್ರಿಡ್ಜಿಗೆ 1.5 ಸ್ಕ್ವೇರ್ ಎಂಎಂ ವಯರು, ತುದಿಗೆ ಸಿಗರೇಟ್ ಲೈಟರ್ ಪ್ಲಗ್ಗು. ಗೋಕರ್ಣದಲ್ಲಿ ಎರಡನೇ ರಾತ್ರಿ ಫ್ರಿಡ್ಜ್ ಕಣ್ಣು ಮಿಟುಕಿಸಿ ಆಫ್ ಆಗುವುದು, ಎರಡು ನಿಮಿಷ ಬಿಟ್ಟು ಮತ್ತೆ ಆನ್. ಬ್ಯಾಟರಿ ತುದಿಯಲ್ಲಿ ಮೀಟರ್ ಹಿಡಿದರೆ 12.9 ವೋಲ್ಟ್. ಕಂಪ್ರೆಸರ್ ಹೊರಡುವಾಗ ಫ್ರಿಡ್ಜ್ ತುದಿಯಲ್ಲಿ 11.4. ಉಳಿದದ್ದನ್ನು ಸಣ್ಣ ವಯರು, ಪ್ಲಗ್ಗು ದಾರಿಯಲ್ಲೇ ತಿಂದಿದ್ದವು. ಫ್ರಿಡ್ಜ್ ಪಾಪ, ಬ್ಯಾಟರಿ ಖಾಲಿ ಅಂದುಕೊಂಡು ತಾನೇ ನಿಲ್ಲುತ್ತಿತ್ತು. ಪ್ಲಗ್ ಮುಟ್ಟಿದೆ, ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಿನ ಗುರುತು ಬಿತ್ತು. ಅರ್ಧ ಕೆಜಿ ಬಂಗುಡೆ ಬೆಳಿಗ್ಗೆ ನಾಯಿಗಳ ಪಾಲಾಯಿತು.

ಊರಿಗೆ ಬಂದು 6 ಸ್ಕ್ವೇರ್ ಎಂಎಂ ತಾಮ್ರದ ವಯರು ಎಳೆದೆ. ತುದಿಗೆ ಲಗ್ (ತಾಮ್ರದ ಬಳೆ) ಹಾಕಿ ಕ್ರಿಂಪ್ ಮಾಡಿದೆ, ಅಂದರೆ ಒತ್ತಿ ಬಿಗಿ ಮಾಡಿದೆ. ಲೈಟರ್ ಪ್ಲಗ್ ಕಿತ್ತು ಬಿಸಾಕಿ ಜಾಸ್ತಿ ಕರೆಂಟ್ ತಡೆಯುವ ಆಂಡರ್ಸನ್ ಕನೆಕ್ಟರ್ ಹಾಕಿದೆ. ಈಗ ಅದೇ ಜಾಗದಲ್ಲಿ 12.6. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಇದೆಲ್ಲ ಸಿಗುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ದೊಡ್ಡ ಫ್ಯೂಸ್ ಇರಲೇಬೇಕು. ಫ್ಯೂಸ್ ಇರುವುದು ಫ್ರಿಡ್ಜ್ ಉಳಿಸಲಿಕ್ಕಲ್ಲ, ವಯರು ಹೊತ್ತಿಕೊಳ್ಳದ ಹಾಗೆ ನೋಡಿಕೊಳ್ಳಲಿಕ್ಕೆ.

ಮಿಕ್ಸಿ ಎರಡು ನಿಮಿಷಕ್ಕೆ ತಿನ್ನುವುದು 17 ವಾಟ್ ಅವರ್, ಏನೇನೂ ಅಲ್ಲ. ಆದರೆ ಆ ಎರಡು ನಿಮಿಷ ಇನ್ವರ್ಟರ್ (12 ವೋಲ್ಟನ್ನು ಮನೆ ಕರೆಂಟ್ ಮಾಡುವ ಪೆಟ್ಟಿಗೆ) ಬ್ಯಾಟರಿಯಿಂದ 45 ಆಂಪಿಯರ್ ಎಳೆಯುತ್ತದೆ, ಹೊರಡುವಾಗ ಅದರ ಎರಡು-ಮೂರು ಪಟ್ಟು. ಅದೊಂದಕ್ಕೋಸ್ಕರ ದಪ್ಪ ಕೇಬಲ್ಲು, 1000 ವಾಟಿನ ಪ್ಯೂರ್ ಸೈನ್ (ಮನೆ ಕರೆಂಟಿನ ಹಾಗೇ ನಯವಾದ ಅಲೆ ಕೊಡುವ) ಇನ್ವರ್ಟರ್ ಬೇಕು. ಯೋಚನೆ ಮಾಡಿ. ಲ್ಯಾಪ್‌ಟಾಪಿಗಾದರೆ 12 ವೋಲ್ಟಿನ ಟೈಪ್-ಸಿ ಚಾರ್ಜರ್ ಸಾಕು.

ಹುಬ್ಬಳ್ಳಿ ಸ್ಪ್ಯಾನರ್

ಸರ್ ಹೇಳಿದ್ದು ಸರಿ. ಚಾರ್ಜಿಂಗ್ ಬಗ್ಗೆ ನನ್ನದೊಂದು ಮಾತು. ದಿನಾ 3 ಗಂಟೆ ಗಾಡಿ ಓಡಿಸುತ್ತೀರಿ ಅಲ್ವಾ? 20 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ (ಓಡುವ ಗಾಡಿಯ ಕರೆಂಟನ್ನು ಮಿತಿಯಲ್ಲಿ ಎರಡನೇ ಬ್ಯಾಟರಿಗೆ ತುಂಬುವ ಪೆಟ್ಟಿಗೆ) ಹಾಕಿದರೆ 750 ವಾಟ್ ಅವರ್ ಹಾಗೇ ಬರುತ್ತದೆ. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಗಾಡಿಯ ಬ್ಯಾಟರಿಗೆ ಜೋಡಿಸಬೇಡಿ. ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರ್ (ಎಂಜಿನ್ನಿನ ಕರೆಂಟ್ ಯಂತ್ರ) ಸುಟ್ಟೀತು.

ಸೋಲಾರ್ ಬೇಡ ಅನ್ನುತ್ತೇನೆ ನಾನು. ಪ್ಯಾನೆಲ್‌ಗೆ ಬಿಸಿಲು ಬೇಕು, ಒಳಗೆ ಕೂತವರಿಗೆ ನೆರಳು ಬೇಕು. ಸುಮ್ನೆ ಜಗಳ.

ಇನ್ನೊಂದು: ಆರ್‌ಸಿಯಲ್ಲಿ 5 ಸೀಟು ಇದ್ದು ಗಾಡಿಯಲ್ಲಿ 2 ಇದ್ದರೆ ಗಾಡಿ ಬದಲಾಯಿಸುವುದರ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಹೊರಡುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ.

ಹಳೇ ಎಕ್ಸ್‌ಚೇಂಜ್

ಹಂಪಿಯಲ್ಲಿ ಮೂರು ದಿನ ಗಾಡಿ ನಿಲ್ಲಿಸಿದರೆ ಏನು ಮಾಡುತ್ತಾರಪ್ಪಾ? ಮಡಚುವ 200 ವಾಟಿನ ಪ್ಯಾನೆಲ್ ತರಲಿ, ಉದ್ದ ವಯರು. ಗಾಡಿ ಬೇವಿನ ಮರದ ಕೆಳಗೆ, ಪ್ಯಾನೆಲ್ ಬಿಸಿಲಿಗೆ. ನನಗೆ ಒಳ್ಳೆಯ ದಿನ 700 ವಾಟ್ ಅವರ್ ಬಂದಿದೆ.

ಇನ್ಸುಲಿನ್ ಹುಷಾರು. 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಿದರೆ ಎಸೆಯುವುದೇ. ಈ ಚಿಕ್ಕ ಫ್ರಿಡ್ಜ್‌ಗಳಲ್ಲಿ ಗೋಡೆ ಪಕ್ಕ ಜಾಸ್ತಿ ತಣ್ಣಗಿರುತ್ತದೆ. 5ಕ್ಕೆ ಸೆಟ್ ಮಾಡಿ, ಬಟ್ಟೆ ಸುತ್ತಿದ ಡಬ್ಬಿಯಲ್ಲಿ ನಡುವೆ ಇಡಿ. ಒಂದು ಥರ್ಮಾಮೀಟರ್ ಒಳಗೇ ಇರಲಿ.

ಮೈಸೂರು ಈಕೋ

ಎಲ್ಲರಿಗೂ ಥ್ಯಾಂಕ್ಸ್. ಆರ್‌ಟಿಒ ತಲೆನೋವೇ ಬೇಡ ಅಂತ ಸೀಟು ವಾಪಸ್ ಕೂರಿಸಿದೆ, ಹಲಗೆ ಈಗ ಅದರ ಬೆನ್ನು ಮಡಚಿ ಮೇಲೆ. ಮಲಗಿದರೆ ಕಾಲು ಸ್ವಲ್ಪ ಮೇಲಾಗುತ್ತದೆ, ಪರವಾಗಿಲ್ಲ. 6 ಸ್ಕ್ವೇರ್ ವಯರು ಎಳೆಸಿದೆ. ಎಲೆಕ್ಟ್ರಿಷಿಯನ್ "ಇಷ್ಟು ದಪ್ಪ ಯಾಕೆ ಮೇಡಂ, ಇದೇನು ಬೋರ್‌ವೆಲ್ಲಾ?" ಅಂತ ನಕ್ಕರು. ಫ್ರಿಡ್ಜ್ ತುದಿಯಲ್ಲಿ 12.7 ಬರುತ್ತಿದೆ ಸರ್.

ಪ್ಯಾನೆಲ್, ಡಿಸಿ-ಡಿಸಿ ಎರಡೂ ತರಿಸಿದ್ದೇನೆ. ಮಿಕ್ಸಿ ಬಿಟ್ಟೆವು. ಇನ್ವರ್ಟರ್ ಬೆಲೆ ಕೇಳಿದ ಅಮ್ಮ ಆವತ್ತೇ ಎರಡು ಡಬ್ಬಿ ಚಟ್ನಿಪುಡಿ ಮಾಡಿ, ಮೇಲೆ ಊರಿನ ಹೆಸರು ಬರೆದ ಚೀಟಿ ಅಂಟಿಸಿದ್ದಾರೆ: ಒಂದು ಬಾದಾಮಿವರೆಗೆ, ಇನ್ನೊಂದು ಉಡುಪಿವರೆಗೆ.