ಅರ್ಧಕ್ಕೆ ನಿಂತ ಕೆಲಸವನ್ನೂ ಬರೆದಿಡಬೇಕೇ?

ಪ್ರಶ್ನೆ (ಕುಮಟಾ): ಸರ್, ಗೋವಾದಲ್ಲಿ ವಿಮಾನ ದುರಸ್ತಿ ಮಾಡುವ ಒಂದು ಹ್ಯಾಂಗರ್‌ನಲ್ಲಿ ಹೊಸದಾಗಿ ಟೆಕ್ನಿಷಿಯನ್ ಆಗಿ ಸೇರಿದ್ದೇನೆ. ಕೆಲಸ ಪೂರ್ತಿ ಮುಗಿದ ಮೇಲೆ ಮಾಡಿದ್ದನ್ನು ದಾಖಲಿಸುವ ಕಾರ್ಡನ್ನು ಒಟ್ಟಿಗೆ ತುಂಬಿದರೆ ಸಾಕು ಎಂದು ಹಿರಿಯರೊಬ್ಬರು ಹೇಳುತ್ತಾರೆ. ಬಿಚ್ಚಿದ್ದನ್ನೂ ಬರೆಯಬೇಕೇ?

ಉತ್ತರ (ವಿಮಾನ ನಿರ್ವಹಣಾ ಇಂಜಿನಿಯರ್, ಶಿರಸಿ): ಬರೆಯಲೇಬೇಕು ತಮ್ಮಾ, ಬಿಚ್ಚಿದ್ದನ್ನೇ ಮೊದಲು ಬರೆ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಎಂಬ್ರೇಯರ್ ವಿಮಾನ ಆಕಾಶದಲ್ಲೇ ಒಡೆದು, ಅದರಲ್ಲಿದ್ದ 14 ಮಂದಿಯೂ ಸತ್ತರು. ಹಿಂದಿನ ರಾತ್ರಿ ಬಾಲದ ಅಡ್ಡರೆಕ್ಕೆಯ ಎಡ ಮುಂಅಂಚಿನಿಂದ, ಮೇಲ್ಬದಿಯ 47 ಸ್ಕ್ರೂ ತೆಗೆಯಲಾಗಿತ್ತು. ಪಾಳಿ ಬದಲಾಯಿತು, ತೆಗೆದ ವಿಷಯ ಕೆಲಸದ ಕಾರ್ಡಿನಲ್ಲಿ ಇರಲಿಲ್ಲ. ಆ ಬಾಲ ಎಷ್ಟು ಎತ್ತರವೆಂದರೆ ನೆಲದ ಮೇಲೆ ನಿಂತವನಿಗೆ ಮೇಲ್ಬದಿ ಕಾಣುವುದೇ ಇಲ್ಲ. ಬೆಳಿಗ್ಗೆ ವಿಮಾನ ಹಾಗೆಯೇ ಹೊರಟಿತು.

‘ಕೆಲಸ ಬಾಕಿ ಇದೆ’ ಎಂದಷ್ಟೇ ಬರೆದರೆ ಮುಂದಿನವನಿಗೆ ಏನೂ ತಿಳಿಯುವುದಿಲ್ಲ. ಯಾವ ಪ್ಯಾನೆಲ್, ಯಾವ ಬದಿ, ಎಷ್ಟು ಸ್ಕ್ರೂ, ತೆಗೆದ ಭಾಗ ಎಲ್ಲಿದೆ ಎಂಬುದೆಲ್ಲ ಬೇಕು. ಸಹಿ ಹಾಕಿ, ಬಾಯಲ್ಲೂ ಹೇಳಿ, ಆಮೇಲೆ ಮನೆಗೆ ಹೋಗು. ಯಾರು ಅವಸರ ಮಾಡಿದರೂ ಇದನ್ನು ಬಿಡಬೇಡ.

ಪ್ರಶ್ನೆ (ಕುಮಟಾ): ತಪ್ಪು ಬರೆದರೆ ವೈಟ್ನರ್ ಹಚ್ಚಬಹುದೇ?

ಉತ್ತರ: ಕೂಡದು. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕು.

ಪ್ರಶ್ನೆ (ಬೈತಖೋಲ, ಕಾರವಾರ): ನಮ್ಮ ಮೀನುಗಾರಿಕೆ ಬೋಟಿನ ಇಂಜಿನ್‌ಗೆ ಓಡಿದ ಗಂಟೆಯ ಲೆಕ್ಕ ಸಾಕಾಗುತ್ತದೆ. ವಿಮಾನಕ್ಕೆ ಎಷ್ಟು ಸಲ ಹಾರಿತು ಎಂಬ ಲೆಕ್ಕವೂ ಏಕೆ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಲೋಹ ದಣಿಯುವುದು ಇದರಿಂದ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಮೇಲ್ಛಾವಣಿಯೇ ಕಿತ್ತುಹೋಗಿ, ಗಗನಸಖಿಯೊಬ್ಬರು ಜೀವ ಕಳೆದುಕೊಂಡರು. ಹಾರಿದ್ದು ಸುಮಾರು 35,500 ಗಂಟೆ, ಆದರೆ ಹಾರಾಟಗಳು 89,680. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಪಯಣ. ಜೊತೆಗೆ ಉಪ್ಪುಗಾಳಿಯ ತುಕ್ಕು. ಅದು ಮಾಡುವ ಹಾನಿಯನ್ನು ಕಡಲಿನವರಾದ ನಿಮಗೆ ನಾನು ವಿವರಿಸಬೇಕಿಲ್ಲ.

ಇಂಜಿನ್ನಿನೊಳಗೆ ಬಿಸಿ ಅನಿಲದ ರಭಸಕ್ಕೆ ತಿರುಗುವ ಚಕ್ರಕ್ಕೂ, ಅಂದರೆ ಟರ್ಬೈನ್ ಡಿಸ್ಕ್‌ಗೂ, ಇದೇ ಲೆಕ್ಕ. ಹೊಸದಾಗಿ ಬಂದ ದಿನದಿಂದ ಎಷ್ಟು ಸಲ ಕೆಲಸ ಮಾಡಿದೆ ಎಂಬ ದಾಖಲೆ ಕಳೆದುಹೋದರೆ, ಡಿಸ್ಕ್ ಎಷ್ಟೇ ಹೊಳೆಯುತ್ತಿದ್ದರೂ ಅದನ್ನು ಮತ್ತೆ ಕೂಡಿಸುವಂತಿಲ್ಲ.