ಜಾಹೀರಾತಿನ ಹೊತ್ತಿನ ಕನ್ನಡ

ನಿನ್ನೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ತಾಯಿಯೊಬ್ಬರು ಕೇಳಿದ್ದರು: "ಮಕ್ಕಳಿಗೆ ಕನ್ನಡ ಅರ್ಥ ಆಗುತ್ತೆ, ಬಾಯಲ್ಲಿ ಬರಲ್ಲ. ಮನೇಲಿ ಟಿವಿ ತೆಗೆದೇ ಬಿಡಲಾ?" ತೆಗೀಬೇಡಿ ಅಂತೀನಿ ನಾನು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಸೆಪ್ಟೆಂಬರ್ ಬಂದ್ರೆ ನಂಗೆ ಹಳೇದೆಲ್ಲ ನೆನಪಾಗುತ್ತೆ, ಸಹಿಸ್ಕೊಳ್ಳಿ.

ನಾವು ಷಿಕಾಗೋ ಹತ್ತಿರಕ್ಕೆ ಬಂದಿದ್ದು 1998ರ ಆಗಸ್ಟ್‌ನಲ್ಲಿ. ಮಗಳಿಗೆ 2 ವರ್ಷ. ಕೇಬಲ್ ಹಾಕಿಸೋಕೆ ದುಡ್ಡಿಲ್ಲ. ಗ್ಯಾರೇಜ್ ಸೇಲ್‌ನಲ್ಲಿ ತಂದ ಟಿವಿ, ಅದರ ತಲೆ ಮೇಲೆ ಎರಡು ಕಡ್ಡಿಯ ಆಂಟೆನಾ. ಬೇಸಿಗೇಲಿ ಚಾನೆಲ್‌ನವರು ಹಳೇ ಕಂತುಗಳನ್ನೇ ಹಾಕಿದ್ದೇ ಹಾಕೋರು. ಒಂದಿನ ದಿನಸಿ ಅಂಗಡೀಲಿ ದುಡ್ಡು ಕೊಡೋ ಸಾಲಲ್ಲಿ ನಿಂತಿದ್ದಾಗ ಟಿವಿ ಕಾರ್ಯಕ್ರಮಗಳ ಪತ್ರಿಕೆ, ದಪ್ಪಗಿನ 'ಟಿವಿ ಗೈಡ್' ಕಣ್ಣಿಗೆ ಬಿತ್ತು, ಫಾಲ್ ಪ್ರಿವ್ಯೂ ಸಂಚಿಕೆ, ಅಂದ್ರೆ ಸೆಪ್ಟೆಂಬರಲ್ಲಿ ಶುರುವಾಗೋ ಹೊಸ ಸೀಸನ್ನಿನ ಪರಿಚಯ. ಊರಲ್ಲಿ ದೀಪಾವಳಿ ವಿಶೇಷಾಂಕಕ್ಕೆ ತಿಂಗಳಿಂದ ಕಾಯ್ತಿದ್ದವಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಮನೆಗೆ ತಂದು, ಪೆನ್ನು ಹಿಡಿದು, ಯಾವ ವಾರ ಯಾವ ಗಂಟೆ ಅಂತ ಗುರುತು ಹಾಕಿದ್ದೇ ಹಾಕಿದ್ದು. ಹೊಸ ಸೀಸನ್ ಸೆಪ್ಟೆಂಬರಲ್ಲೇ ಯಾಕೆ ಅಂದ್ರೆ, ಕಾರ್ ಕಂಪನಿಗಳು ಹೊಸ ಮಾಡೆಲ್ ಬಿಡ್ತಿದ್ದ ಕಾಲ ಅದು, ಅವರ ಜಾಹೀರಾತಿಗೆ ಜನ ಬೇಕು. ಕತ್ತಲೆಯೂ ಬೇಗ ಆಗಿ ಎಲ್ಲರೂ ಮನೆ ಸೇರ್ತಾರೆ.

ಗುರುವಾರ ನಮ್ಮನೆ ಹಬ್ಬ. ನಮ್ಮ ಸೆಂಟ್ರಲ್ ಟೈಮಲ್ಲಿ 7ಕ್ಕೆ ನಗೆ ಧಾರಾವಾಹಿ 'ಫ್ರೆಂಡ್ಸ್', 9ಕ್ಕೆ ಆಸ್ಪತ್ರೆ ಕಥೆಯ 'ಇ.ಆರ್.' ಅಷ್ಟರೊಳಗೆ ಕುಕ್ಕರ್ ಮೂರು ಕೂಗಿರಬೇಕು. 8 ಗಂಟೆಗೆ ಫೋನ್ ಕಾರ್ಡಿನ ಉದ್ದದ ನಂಬರ್ ಒತ್ತಿದ್ರೆ ಮೈಸೂರಲ್ಲಿ ಶುಕ್ರವಾರ ಬೆಳಿಗ್ಗೆ 6:30, ಅಮ್ಮ ಹಾಲು ಕಾಯಿಸ್ತಾ ಇರೋರು. ಮೊದಲ ವರ್ಷ ಅರ್ಧ ಜೋಕು ಅರ್ಥ ಆಗ್ತಿರಲಿಲ್ಲ. ಟಿವಿ ಒಳಗಿನವರು ನಕ್ಕಾಗ ನಾನೂ ನಗ್ತಿದ್ದೆ.

2001ರಲ್ಲಿ 'ಸರ್ವೈವರ್' ಅನ್ನೋ ರಿಯಾಲಿಟಿ ಶೋ ಕೂಡ ಗುರುವಾರ 7ಕ್ಕೇ ಬಂತು. ಯಜಮಾನರಿಗೆ ಅದೇ ಬೇಕು, ನನಗೆ 'ಫ್ರೆಂಡ್ಸ್' ಬೇಕು. ವಿಸಿಆರ್ ತಂದ್ವಿ, ಒಂದನ್ನ ನೋಡೋದು, ಇನ್ನೊಂದನ್ನ ರೆಕಾರ್ಡ್ ಮಾಡೋದು. ಇಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು; ಆ ಅಕ್ಟೋಬರ್ ಕೊನೇಲಿ ಎಲ್ಲ ತಿರುಗಿಸಿದ್ವಿ, ವಿಸಿಆರ್ ಗಡಿಯಾರ ತಿರುಗಿಸೋದು ಮರೆತುಹೋಯ್ತು. ರಾತ್ರಿ ಇವರು ಬಟ್ಟಲು ತುಂಬ ಚುರುಮುರಿ ಕಲಸಿಕೊಂಡು ಕ್ಯಾಸೆಟ್ ಹಾಕಿದ್ರೆ, ಒಂದು ಗಂಟೆ ಪೂರ್ತಿ ಸುದ್ದಿ, ಹವಾಮಾನ, ಟ್ರಾಫಿಕ್ಕು!

ಈಗ ವಿಷಯಕ್ಕೆ ಬರ್ತೀನಿ. ಮಗಳು ಕಿಂಡರ್‌ಗಾರ್ಟನ್‌ಗೆ ಹೋದ ಆರೇ ತಿಂಗಳಲ್ಲಿ ಮನೇಲೂ ಇಂಗ್ಲಿಷ್ ಶುರು ಮಾಡಿದಳು. ಇವರೊಂದು ಕಾನೂನು ತಂದ್ರು: ಜಾಹೀರಾತು ಬಂದ ಕೂಡಲೇ ಮ್ಯೂಟ್, ಮ್ಯೂಟ್ ಇರೋವರೆಗೂ ಕನ್ನಡ. ಗಂಟೆಯ ಕಾರ್ಯಕ್ರಮದಲ್ಲಿ ಕಥೆ ಇರೋದು ಹೆಚ್ಚೂಕಮ್ಮಿ 44 ನಿಮಿಷ, ಮಿಕ್ಕ 16 ನಿಮಿಷ ಬಿಡಿಬಿಡಿಯಾಗಿ ನಮ್ಮದು. 2004ರ ಸೆಪ್ಟೆಂಬರ್ 22ಕ್ಕೆ 'ಲಾಸ್ಟ್' ಧಾರಾವಾಹಿ ಶುರುವಾದಾಗ ಅವಳಿಗೆ 8. ವಿಮಾನ ಬಿದ್ದ ದ್ವೀಪ, ಕಾಡೊಳಗೆ ಏನೋ ಗುಡುಗುತ್ತೆ, ಮರಗಳು ಅಲ್ಲಾಡುತ್ತವೆ, ಅದೇನು ಅಂತ ತೋರಿಸಲ್ಲ. ಮ್ಯೂಟ್ ಒತ್ತಿದ್ವಿ. ಕಂಬಳಿಯೊಳಗಿಂದ ಧ್ವನಿ: "ಅದು ಆನೆ ಅಮ್ಮ. ಬಂಡೀಪುರದಲ್ಲಿ ಹಿಂಗೇ ಮರ ಅಲ್ಲಾಡಿಸ್ತಿತ್ತಲ್ಲ." ಅಲ್ಲಿಂದ ಒಂದು ವಾರ ಆನೆಯೋ ಅಲ್ಲವೋ ಅನ್ನೋ ವಾದ ಸ್ನಾನದ ಮನೇಲೂ ನಡೀತು, ಪೂರ್ತಿ ಕನ್ನಡದಲ್ಲಿ. ಮುಂದಿನ ಬುಧವಾರದವರೆಗೂ ಉತ್ತರ ಯಾರ ಹತ್ತಿರವೂ ಇರಲಿಲ್ಲವಲ್ಲ! ಅವಳ ಕನ್ನಡ ಉಳಿದಿದ್ದು ಇಂಥ ವಾದಗಳಿಂದ. ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೂ ಕಳಿಸಿದ್ದೆ, ಅಲ್ಲಿ ಕಲಿತಿದ್ದು ಕಾಗುಣಿತ ಮಾತ್ರ.

ಮಗ ಹುಟ್ಟಿದ್ದು 2007ರ ನವೆಂಬರ್‌ನಲ್ಲಿ. ಆಗ ಟಿವಿ ಬರಹಗಾರರ ಮುಷ್ಕರ, 100 ದಿನ ನಡೀತು, ಹೊಸ ಕಂತುಗಳೇ ಖಾಲಿ. ಅವನ ಹಣೇಲಿ ಸೀಸನ್ ಬರೆದಿರಲಿಲ್ಲ ಅಂತ ನಾವು ತಮಾಷೆ ಮಾಡ್ತೀವಿ. ಅವನು ದೊಡ್ಡವನಾಗೋ ಹೊತ್ತಿಗೆ ನೆಟ್‌ಫ್ಲಿಕ್ಸ್ 13 ಕಂತು ಒಂದೇ ದಿನ ಸುರಿಯೋಕೆ ಶುರು ಮಾಡಿತ್ತು. ಅವನು ತನ್ನ ರೂಮಲ್ಲಿ, ಹೆಡ್‌ಫೋನ್ ಹಾಕ್ಕೊಂಡು, ಶನಿವಾರ ರಾತ್ರಿಯೊಳಗೆ ಎಲ್ಲ ಮುಗಿಸಿರ್ತಾನೆ. ಮುಂದೇನಾಗುತ್ತೆ ಅಂತ ಯಾರನ್ನ ಕೇಳಬೇಕು? ಅವನ ಕನ್ನಡ "ಆಮೇಲೆ", "ಬೇಡ", "ಹಸಿವಿಲ್ಲ" ಅಷ್ಟಕ್ಕೆ ನಿಂತಿದೆ. ಎರಡನೇ ಮಗು ಅಕ್ಕನ ಜೊತೆ ಇಂಗ್ಲಿಷಲ್ಲೇ ಬೆಳೆಯುತ್ತೆ, ಆ ಕಾರಣವೂ ಇದೆ, ತಪ್ಪೆಲ್ಲ ನೆಟ್‌ಫ್ಲಿಕ್ಸ್ ಮೇಲೆ ಹಾಕಲ್ಲ.

ನಿಮ್ಮನೇಲಿ ಚಿಕ್ಕ ಮಕ್ಕಳಿದ್ರೆ ವಾರಕ್ಕೊಂದೇ ಕಂತು ಬಿಡೋ ಕಾರ್ಯಕ್ರಮ ಯಾವುದಾದ್ರೂ ಹಿಡೀರಿ. ಎಲ್ಲರೂ ಒಂದೇ ಸೋಫಾ ಮೇಲೆ ಕೂತ್ಕೊಳ್ಳಿ. ಸರಿಯಾಗಿ ಕುತೂಹಲ ಏರಿದಾಗ ನೀವೇ ಪಾಜ್ ಒತ್ತಿ. ಬೈಸಿಕೊಳ್ತೀರಿ, ಒತ್ತಿ.

ಹೋದ ಥ್ಯಾಂಕ್ಸ್‌ಗಿವಿಂಗ್‌ಗೆ ಮಗಳು ಬಂದಿದ್ದಳು, ಅಮೆರಿಕನ್ ಅಳಿಯನೂ ಜೊತೆಗಿದ್ದ. ಫುಟ್‌ಬಾಲ್ ನಡೀತಿತ್ತು. ಜಾಹೀರಾತು ಬಂತು. ಇಂಗ್ಲಿಷಲ್ಲಿ ಅವನಿಗೇನೋ ಹೇಳ್ತಿದ್ದವಳು ಮಾತು ಅರ್ಧಕ್ಕೇ ಬಿಟ್ಟು, ರಿಮೋಟ್ ತಗೊಂಡು ಮ್ಯೂಟ್ ಒತ್ತಿ, ನನ್ನ ಕಡೆ ತಿರುಗಿದಳು: "ಅಮ್ಮ, ಸಾರಿಗೆ ಇಂಗು ಹಾಕಿದ್ಯಾ?"