ಥಂಬ್ ಮಷಿನ್ ಚುಚ್ಚಿದ್ರೆ 'ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್' ಅಂತಿದೆ, ಡ್ರೈವರ್ ಮೂರ್ ಸಲ ಹಾಕಿದ್ದಾಯ್ತು

ಹೊಸನಗರ_ಝೆರಾಕ್ಸ್:

ನಮಸ್ಕಾರ ಎಲ್ರಿಗೂ, ಗೊತ್ತಿರೋರು ಸ್ವಲ್ಪ ದಾರಿ ತೋರ್ಸಿ. ಹೊಸನಗರದ ಹತ್ರ ಸಣ್ಣದೊಂದು ಆನ್‌ಲೈನ್ ಸೆಂಟರ್ ಇಟ್ಕಂಡಿದೀನಿ, ಪಹಣಿ ತೆಗೆಯೋದು, ಝೆರಾಕ್ಸು, ಅರ್ಜಿ ಹಾಕೋದು, ಆಧಾರ್ ಮೇಲೆ ಥಂಬ್ ಕೊಟ್ಟೋರಿಗೆ ದುಡ್ಡು ತೆಗೆದುಕೊಡೋದು, ಇಷ್ಟೇ. ಸೋಮವಾರ ಮಧ್ಯಾಹ್ನ ಮಳೆ ಬಿಡದೆ ಹೊಡೀತಿತ್ತು, ಕರೆಂಟು ಹೋಗೋದು ಬರೋದು ಹೋಗೋದು ಬರೋದು, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿದೆ, ಸಿಸ್ಟಮ್ ಮೂರ್ ಸಲ ಧಡಕ್ ಅಂತ ಆಫ್ ಆಯ್ತು. ಅವತ್ತಿಂದ ಥಂಬ್ ಮಷಿನ್ ಚುಚ್ಚಿದ್ರೆ ಟುಂಯ್ ಅಂತ ಸೌಂಡ್ ಬರುತ್ತೆ, ಕೆಳಗೆ ಮೂಲೇಲಿ ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್ ಅಂತ ಬರುತ್ತೆ, ಮಷಿನ್ ಲೈಟು ಒಂದ್ಸಲ ಮಿಣುಕ್ ಅಂದು ಹೋಗುತ್ತೆ.

ಡ್ರೈವರ್ ಹೋಗಿರಬೇಕು ಅಂತ ಇದ್ದ ಡ್ರೈವರ್ ತೆಗೆದು ಹೊಸದು ಹಾಕ್ದೆ, ಆಗ್ಲಿಲ್ಲ. ಯೂಟ್ಯೂಬ್ ನೋಡಿ ಇನ್ನೊಂದು ಹಾಕ್ದೆ, ಆಗ್ಲಿಲ್ಲ. ಆಮೇಲೆ ಎಲ್ಲಾ ಡ್ರೈವರ್ ತಾನೇ ಹುಡುಕಿ ಹಾಕುತ್ತೆ ಅನ್ನೋ ಒಂದು ಸಾಫ್ಟ್‌ವೇರ್ ಇಳಿಸ್ದೆ, ಅದು 27 ಡ್ರೈವರ್ ಹಳೇದು ಅಂತ ಕೆಂಪು ಅಕ್ಷರದಲ್ಲಿ ತೋರಿಸಿ ದುಡ್ಡು ಕಟ್ಟು ಅಂತಿದೆ. ಅದೇ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದ್ರೆ ಚೆನ್ನಾಗಿ ಓಡುತ್ತೆ, ಹಂಗಾಗಿ ಪೋರ್ಟ್ ಸರಿ ಇದೆ.

ಇದರ ಮಧ್ಯ ಪ್ರಿಂಟರ್ ಬೇರೆ ಆಫ್‌ಲೈನ್ ಅಂತಿದೆ, ಅದರಲ್ಲಿ ಝೆರಾಕ್ಸ್ ಬರುತ್ತೆ ಆದರೆ ಕಂಪ್ಯೂಟರಿಂದ ಪ್ರಿಂಟ್ ಕೊಟ್ಟದ್ದು ಹೋಗಲ್ಲ. ಎರಡೂ ಒಟ್ಟಿಗೆ ಕೈ ಕೊಟ್ಟಿದಾವೆ ಅಂದ್ರೆ ಮದರ್‌ಬೋರ್ಡೇ ಹೋಯ್ತಾ? ವಿಂಡೋಸ್ 10, ಡೆಸ್ಕ್‌ಟಾಪ್. ರಿಪ್ಪನ್‌ಪೇಟೆ ಆಯನೂರು ಮೇಲೆ ಶಿವಮೊಗ್ಗಕ್ಕೆ ಸಿಸ್ಟಮ್ ಹೊತ್ಕಂಡು ಹೋಗಿ ಬರೋದು ಅಂದ್ರೆ ಒಂದಿನ ಅಂಗಡಿ ಬಾಗ್ಲು ಹಾಕ್ಬೇಕು, ಅದೂ ಈ ಮಳೇಲಿ.

ಚೊಗರು:

ಫಾರ್ಮ್ಯಾಟ್ ಹೊಡೀರಿ, ಹೊಸ ವಿಂಡೋಸ್ ಹಾಕಿ. ನಂದೂ ಹಿಂಗೇ ಆಗಿತ್ತು, ಅರ್ಧ ದಿನದ ಕೆಲಸ.

ಗಾಜನೂರು_ಗೇಟ್:

ಎಂತ ಮಾರಾಯ್ರೇ, ಎಲ್ಲದಕ್ಕೂ ಒಂದೇ ಕಷಾಯ ಕುಡಿಸ್ತೀರಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ 2025 ಅಕ್ಟೋಬರ್ 14ಕ್ಕೇ ಮುಗಿದಿದೆ, ಇವತ್ತಲ್ಲ ನಾಳೆ ಬದಲಾಯಿಸ್ಬೇಕು ಅನ್ನೋದು ಬೇರೆ ಮಾತು, ಆದರೆ ಈ ಕಾಯಿಲೆಗೆ ಅದು ಮದ್ದಲ್ಲ.

ಹೊಸನಗರದೋರೇ, ಮೊದಲು ಆ 27 ಡ್ರೈವರ್ ತೋರಿಸೋ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ ಬಿಸಾಕಿ, ಬೇರೆ ಮಾತು ಆಮೇಲೆ. ಆಮೇಲೆ ಒಂದು ಕೆಲಸ ಮಾಡಿ, ವಿಂಡೋಸ್ ಕೀ ಜತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆಗೀರಿ, ಥಂಬ್ ಮಷಿನ್ ಚುಚ್ಚಿ, ಹಳದಿ ತ್ರಿಕೋನ ಹಾಕ್ಕಂಡು ಒಂದು ಸಾಲು ಬರುತ್ತೆ, ಅದರ ಪ್ರಾಪರ್ಟೀಸಿಗೆ ಹೋಗಿ. ಜನರಲ್ ಅನ್ನೋ ಟ್ಯಾಬಲ್ಲಿ ಕೋಡ್ ಎಷ್ಟು ಅಂತ ಇರುತ್ತೆ. ಪಕ್ಕದಲ್ಲಿ ಡೀಟೇಲ್ಸ್ ಟ್ಯಾಬಿಗೆ ಹೋಗಿ ಮೇಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡೀಸ್ ಅಂತ ಆರಿಸ್ಕಳಿ, ಅಲ್ಲಿ ಕಂಪನಿ ಗುರುತಿಗೆ ವಿಐಡಿ ಅಂತ ನಾಲ್ಕು ಅಂಕಿ ಅಕ್ಷರ, ಆ ವಸ್ತುವಿನ ಗುರುತಿಗೆ ಪಿಐಡಿ ಅಂತ ನಾಲ್ಕು ಅಂಕಿ ಅಕ್ಷರ ಇರುತ್ತೆ. ಮೂರನ್ನೂ ಇಲ್ಲಿ ಬರೀರಿ.

ಯಾಕೆ ಕೇಳ್ತಿದೀನಿ ಅಂದ್ರೆ, ಯುಎಸ್‌ಬಿಗೆ ಏನೇ ಚುಚ್ಚಿದ್ರೂ ಕಂಪ್ಯೂಟರು ಮೊದಲು ಕೇಳೋದು ನೀನು ಯಾರು, ಯಾವ ಕಂಪನಿಯೋನು ಅಂತ. ಆ ವಸ್ತು ತನ್ನ ವಿಐಡಿ ಪಿಐಡಿ ಹೇಳಿದ ಮೇಲೇ ಅದಕ್ಕೆ ಯಾವ ಡ್ರೈವರ್ ಹಾಕ್ಬೇಕು ಅಂತ ವಿಂಡೋಸ್ ಹುಡುಕೋದು. ಊಟಕ್ಕೆ ಬಂದೋನು ಜಗಲಿ ಹತ್ತೇ ಇಲ್ಲ ಅಂದ್ರೆ ಒಳಗೆ ಎಲೆ ಹಾಕಿ ಏನ್ ಪ್ರಯೋಜನ? ನೀವು ಮೂರ್ ಸಲ ಎಲೆ ಹಾಕಿದೀರಿ. ಕೋಡ್ 28 ಅಂತಿದ್ದು ಐಡಿ ಸರಿಯಾಗಿ ಕಾಣ್ತಿದ್ರೆ ಡ್ರೈವರ್ ಇಲ್ಲ ಅಂತ ಅರ್ಥ, ಆಗ ಡ್ರೈವರ್ ಹುಡುಕೋಣ. ಕೋಡ್ 43 ಅಂತಿದ್ದು ಐಡಿಯಲ್ಲಿ ಬರೀ ಸೊನ್ನೆ ಇದ್ರೆ ಡ್ರೈವರ್ ತಂಟೆಗೇ ಹೋಗ್ಬೇಡಿ.

ಹೊಸನಗರ_ಝೆರಾಕ್ಸ್:

ನೋಡ್ದೆ ಸಾರ್. ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್ ಅಂತ ಇದೆ. ಕೋಡ್ 43. ವಿಐಡಿ 0000, ಪಿಐಡಿ 0002. ಇದು ಒಳ್ಳೇದಾ ಕೆಟ್ಟದ್ದಾ?

ಗಾಜನೂರು_ಗೇಟ್:

ಅರ್ಧ ಒಳ್ಳೇದು. ಆ 0000 ಮತ್ತೆ 0002 ನಿಮ್ಮ ಮಷಿನ್ನಿಂದಲ್ಲ, ಮಷಿನ್ ಉತ್ತರ ಕೊಡದೇ ಇದ್ದದ್ದಕ್ಕೆ ವಿಂಡೋಸ್ ತಾನೇ ಇಟ್ಟ ಹೆಸರು. ಅಂದ್ರೆ ಮಾತುಕತೆ ಶುರುವಲ್ಲೇ ಕಡಿದಿದೆ. ಆಗೋದು ವೈರಿನಿಂದ, ಪೋರ್ಟಿಂದ, ಪವರಿಂದ, ಇಲ್ಲಾ ಮಷಿನ್ನೇ ಹೋಗಿರೋದ್ರಿಂದ. ಕೊನೇದು ಕೊನೆಗೆ ನೋಡೋಣ.

ಸಿಸ್ಟಮ್ ಶಟ್‌ಡೌನ್ ಮಾಡಿ, ಆದರೆ ಸುಮ್ನೆ ಶಟ್‌ಡೌನ್ ಅಲ್ಲ, ಶಿಫ್ಟ್ ಕೀ ಒತ್ತಿ ಹಿಡ್ಕಂಡು ಶಟ್‌ಡೌನ್ ಒತ್ತಿ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಆನ್ ಇದ್ರೆ ನೀವು ಆಫ್ ಮಾಡಿದ್ರೂ ವಿಂಡೋಸು ತನ್ನ ಒಳಗಿನ ಭಾಗನ ಡಿಸ್ಕಲ್ಲಿ ಬರೆದಿಟ್ಟು ಮಾರನೇ ದಿನ ಅದನ್ನೇ ಎತ್ಕಂಡು ಎದ್ದೇಳುತ್ತೆ, ನಿನ್ನೆಯ ಗಂಟು ಇವತ್ತೂ ಹಂಗೇ ಉಳಿಯುತ್ತೆ. ರೀಸ್ಟಾರ್ಟ್ ಕೊಟ್ರೆ ಹಂಗಾಗಲ್ಲ. ಆಫ್ ಆದ್ಮೇಲೆ ಗೋಡೆ ಪ್ಲಗ್ ಕಿತ್ತು, ಯುಎಸ್‌ಬಿಲಿ ಇರೋದನ್ನೆಲ್ಲ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಚಾರ್ಜ್ ಇಳಿಯುತ್ತೆ. ಕರೆಂಟು ಹೋಗಿ ಬಂದು ಮಾಡಿದ ಮೇಲೆ ಪೋರ್ಟು ಮಂಕು ಹಿಡಿದಂಗೆ ಆಗಿರೋದನ್ನ ನಾನು ಎಷ್ಟೋ ಕಡೆ ಇಷ್ಟರಲ್ಲೇ ಸರಿ ಮಾಡಿದೀನಿ.

ಆಮೇಲೆ ಥಂಬ್ ಮಷಿನ್ನು ಹಿಂದಿನ ಪೋರ್ಟಿಗೇ ಚುಚ್ಚಿ. ಮುಂದಿನ ಪೋರ್ಟು ಕ್ಯಾಬಿನೆಟ್ ಒಳಗೆ ಒಂದು ಸಣ್ಣ ವೈರಲ್ಲಿ ಬೋರ್ಡಿಗೆ ಹೋಗಿರುತ್ತೆ, ಹಿಂದಿನದು ನೇರ ಬೋರ್ಡಲ್ಲೇ ಕೂತಿರುತ್ತೆ. ಇನ್ನೊಂದು ಮಾತು, ನೀವು ಮಷಿನ್ನಿಗೆ ಎಕ್ಸ್‌ಟೆನ್ಷನ್ ವೈರ್ ಹಾಕಿದೀರಾ? ಕೌಂಟರ್ ಈಚೆ ಜನ ಬೆರಳಿಡೋದು, ಸಿಸ್ಟಮ್ ಆಚೆ, ಹಾಕ್ದೆ ಇರೋರನ್ನ ನಾನು ನೋಡಿಲ್ಲ. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ ಅದೂ ಹೇಳಿ.

ಸಾಗರದ_ಪೆಂಗ್ವಿನ್:

ಪೆನ್‌ಡ್ರೈವ್ ಓಡುತ್ತೆ ಹಂಗಾಗಿ ಪೋರ್ಟ್ ಸರಿ ಇದೆ ಅಂದ್ರಲ್ಲ, ಅದರಲ್ಲೊಂದು ತೂತಿದೆ. ಪೆನ್‌ಡ್ರೈವ್ ನೇರ ಪೋರ್ಟಿಗೆ ಕೂರುತ್ತೆ, ಮಧ್ಯ ಮೀಟರುಗಟ್ಟಲೆ ವೈರ್ ಇರಲ್ಲ. ಯುಎಸ್‌ಬಿ 2ರಲ್ಲಿ ನಾಲ್ಕು ತಂತಿ, ಕೆಂಪು ಕಪ್ಪು ಕರೆಂಟಿಗೆ, ಹಸಿರು ಬಿಳಿ ಮಾತಾಡೋಕೆ. ಕೆಂಪು ಕಪ್ಪು ಸರಿ ಇದ್ರೆ ಲೈಟು ಬಂದೇ ಬರುತ್ತೆ, ಹಸಿರು ಬಿಳಿಯಲ್ಲಿ ಒಂದು ಕಡೆ ಸಡಿಲ ಆಗಿದ್ರೆ ಲೈಟ್ ಇರುತ್ತೆ ಮಾತು ಇರಲ್ಲ. ಮೊಬೈಲ್ ಚಾರ್ಜ್ ಆಗುತ್ತೆ ಆದರೆ ಕಂಪ್ಯೂಟರಲ್ಲಿ ಕಾಣಲ್ಲ ಅಂತಾರಲ್ಲ, ಬರೀ ಚಾರ್ಜಿಂಗಿನ ಕಡಿಮೆ ರೇಟಿನ ವೈರಲ್ಲಿ ಆ ಎರಡು ತಂತಿ ಇರೋದೇ ಇಲ್ಲ.

ವಿಂಡೋಸ್ ಮೇಲೇ ಅನುಮಾನ ಇದ್ರೆ ಫಾರ್ಮ್ಯಾಟ್ ಮಾಡೋ ಮೊದಲು ಪೆನ್‌ಡ್ರೈವಿಂದ ಲಿನಕ್ಸ್ (ವಿಂಡೋಸ್ ತರದ್ದೇ ಇನ್ನೊಂದು ಓಎಸ್) ಲೈವ್ ಹತ್ತಿಸಿ ನೋಡಿ, ಡಿಸ್ಕಿಗೆ ಏನೂ ಇನ್‌ಸ್ಟಾಲ್ ಮಾಡ್ಬೇಕಾಗಿಲ್ಲ. ಟರ್ಮಿನಲ್ ತೆಗೆದು ಎಲ್‌ಎಸ್‌ಯುಎಸ್‌ಬಿ ಅಂತ ಕೊಟ್ರೆ ಚುಚ್ಚಿರೋದರ ಪಟ್ಟಿ ಬರುತ್ತೆ. ಅಲ್ಲಿ ಮಷಿನ್ ಐಡಿ ಸಮೇತ ಬಂದ್ರೆ ತಪ್ಪು ವಿಂಡೋಸಿಂದು. ಅಲ್ಲೂ ಬರದೆ, ಸಿಸ್ಟಮ್ ಒಳಗಿನ ಸಂದೇಶ ತೋರಿಸೋ ಡಿಎಂಇಎಸ್‌ಜಿ ಕೊಟ್ಟಾಗ ಡಿಸ್ಕ್ರಿಪ್ಟರ್ ರೀಡ್ ಎರರ್ ಮೈನಸ್ 71 ಅಂತ ಸಾಲುಸಾಲು ಬಂದ್ರೆ ವೈರೋ ಪೋರ್ಟೋ ಮಷಿನ್ನೋ, ವಿಂಡೋಸ್ ಪಾಪ ನಿರಪರಾಧಿ. ನಾನು ಲಿನಕ್ಸ್ ಪಕ್ಷದೋನು, ಆದರೂ ಈ ವಿಷಯದಲ್ಲಿ ನ್ಯಾಯವಾಗೇ ಹೇಳ್ತಿದೀನಿ.

ಮಂಡಿ_ತಕ್ಕಡಿ:

ನಮ್ದು ಉಲ್ಟಾ ಕಥೆ, ಉಪಯೋಗಕ್ಕೆ ಬರಬಹುದು ಅಂತ ಬರೀತಿದೀನಿ. ನಾನು ಅಡಿಕೆ ಮಂಡಿ ಒಂದರಲ್ಲಿ ಲೆಕ್ಕ ಬರಿಯೋನು, ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ನೇರ ಕಂಪ್ಯೂಟರಿಗೆ ಬರೋ ಹಂಗೆ ಸೀರಿಯಲ್ ಟು ಯುಎಸ್‌ಬಿ ವೈರ್ ಹಾಕಿದಾರೆ. ಒಂದಿನ ಬೆಳಿಗ್ಗೆ ನೋಡಿದ್ರೆ ತೂಕ ಬರ್ತಿಲ್ಲ, ರೈತರು ಮೂಟೆ ಇಳಿಸ್ಕಂಡು ಸಾಲಲ್ಲಿ ನಿಂತಿದಾರೆ, ಯಜಮಾನ್ರು ಹಲ್ಲು ಕಡೀತಾ ಇದಾರೆ. ಡಿವೈಸ್ ಮ್ಯಾನೇಜರಲ್ಲಿ ಹಳದಿ ಗಿಳದಿ ಏನೂ ಇಲ್ಲ, ಐಡಿ 1ಎ86, 7523, ಅಂದ್ರೆ ಸಿಎಚ್340 ಚಿಪ್ಪು, ಡ್ರೈವರೂ ಸರಿ. ಆಮೇಲೆ ಗೊತ್ತಾಯ್ತು, ಕಸ ಗುಡಿಸೋವಾಗ ವೈರು ಕಿತ್ತು ಬಂದಿತ್ತು, ಹುಡುಗ ಪಕ್ಕದ ಪೋರ್ಟಿಗೆ ಚುಚ್ಚಿದಾನೆ. ಪೋರ್ಟ್ ಬದಲಾದ್ರೆ ವಿಂಡೋಸ್ ಅದಕ್ಕೆ ಬೇರೆ ಕಾಮ್ ನಂಬರ್, ಅಂದ್ರೆ ಸೀರಿಯಲ್ ಪೋರ್ಟಿನ ನಂಬರ್, ಕೊಟ್ಬಿಡುತ್ತೆ, ಕಾಮ್ 3 ಇದ್ದದ್ದು ಕಾಮ್ 5 ಆಗಿದೆ, ತೂಕದ ಸಾಫ್ಟ್‌ವೇರು ಇನ್ನೂ 3ರಲ್ಲೇ ಬಾಯಿ ತೆರಕಂಡು ಕಾಯ್ತಾ ಕೂತಿದೆ. ಪೋರ್ಟ್ಸ್ ಕೆಳಗೆ ಹೋಗಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ನಂಬರ್ ವಾಪಸ್ 3 ಮಾಡ್ದೆ, ತೂಕ ಬಂತು. ಈಗ ಆ ಪೋರ್ಟಿನ ಮೇಲೆ ವೈಟ್ನರಲ್ಲಿ ತ ಅಂತ ಬರೆದಿದೀನಿ.

ನಿಮ್ಮ ಪ್ರಿಂಟರ್ ಕಥೇನೂ ಇದೇ ಇರ್ಬೇಕು ನೋಡಿ. ಥಂಬ್ ಮಷಿನ್ ಪರದಾಟದಲ್ಲಿ ಪ್ರಿಂಟರ್ ವೈರ್ ಅತ್ಲಾಗಿತ್ಲಾಗೆ ಮಾಡಿದ್ರಾ? ಹಂಗಾದ್ರೆ ವಿಂಡೋಸ್ ಅದನ್ನ ಹೊಸ ಪ್ರಿಂಟರ್ ಅಂತ ತಿಳ್ಕಂಡು ಅದೇ ಹೆಸರಿಗೆ ಕಾಪಿ 1 ಅಂತ ಸೇರಿಸಿ ಇನ್ನೊಂದು ಮಾಡಿರುತ್ತೆ, ನೀವು ಕೊಡೋ ಪ್ರಿಂಟ್ ಹಳೇ ಹೆಸರಿಗೆ ಹೋಗಿ ಅಲ್ಲೇ ಕೊಳೀತಿರುತ್ತೆ.

ಹೊಸನಗರ_ಝೆರಾಕ್ಸ್:

ಮಂಡಿಯೋರೇ, ಕಾಲಿಗೆ ಬೀಳ್ಬೇಕು ನಿಮಗೆ. ಕಾಪಿ 1 ಅಂತ ನಿಜವಾಗ್ಲೂ ಇದೆ. ಹಳೇದು ಮಂಕಾಗಿ ಕಾಣುತ್ತೆ, ಅದರ ಕ್ಯೂ ತೆಗೆದು ನೋಡಿದ್ರೆ 14 ಪ್ರಿಂಟು ಸಾಲಲ್ಲಿ ನಿಂತಿವೆ, ಒಂದೇ ಪಹಣಿ ಆರು ಸಲ ಕೊಟ್ಟಿದೀನಿ. ಎಲ್ಲಾ ಕ್ಯಾನ್ಸಲ್ ಹೊಡೆದು ಪ್ರಿಂಟರನ್ನ ಮೊದಲಿದ್ದ ಪೋರ್ಟಿಗೇ ಹಾಕ್ದೆ, ಬಂತು. ಹೊಸ ಪ್ರಿಂಟರ್ ರೇಟ್ ಕೇಳಿ ಬಂದಿದ್ದೆ ನಿನ್ನೆ.

ಗಾಜನೂರಿನೋರೇ, ಎಕ್ಸ್‌ಟೆನ್ಷನ್ ಇದೆ. ಕೌಂಟರ್ ಜಾಲರಿ ಕೆಳಗಿಂದ ಎಳೆದು ಮೂರು ಮೀಟರಿಂದು ಹಾಕಿದೀನಿ, ಅದು ಇದೆ ಅನ್ನೋದೇ ಮರೆತು ಹೋಗಿತ್ತು. ಜುಮ್ ಅನ್ನಲ್ಲ.

ಗಾಜನೂರು_ಗೇಟ್:

ಅಲ್ಲೇ ಇದೆ ಕಣ್ರಿ ಕಳ್ಳ. ಮಷಿನ್ನಿನ ವೈರು ಎಕ್ಸ್‌ಟೆನ್ಷನ್ ಒಳಗೆ ಹೋಗೋ ಬಾಯಿ ಕಿತ್ತು ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗಾಲದ ಥಂಡಿಗೆ ಆ ತಾಮ್ರದ ನಾಲಗೆ ಮೇಲೆ ಕಿಲುಬು ಕಟ್ಟುತ್ತೆ, ಮೈಲುತುತ್ತದ ಬಣ್ಣದಲ್ಲಿ. ಒಂದು ಕಡೆ ಅಂತೂ ಇರುವೆ ಮೊಟ್ಟೆ ಸಮೇತ ಸಂಸಾರ ಹೂಡಿತ್ತು. ಎಕ್ಸ್‌ಟೆನ್ಷನ್ ಪೂರ್ತಿ ತೆಗೆದು ಮಷಿನ್ ನೇರ ಹಿಂದೆ ಚುಚ್ಚಿ ನೋಡಿ, ಸದ್ಯಕ್ಕೆ ಕಸ್ಟಮರನ್ನ ಒಳಗೇ ಕರೀರಿ.

ಮಷಿನ್ ಹೆಸರು ಹೇಳಿದ ಮೇಲೆ ಡ್ರೈವರ್ ಕೆಲಸ ಬರುತ್ತೆ ನಿಮಗೆ, ಯಾಕಂದ್ರೆ ಇದ್ದದ್ದು ತೆಗೆದು ಮೂರು ತರದ್ದು ತುರುಕಿದೀರಿ. ಮಷಿನ್ ಕಿತ್ತಿಟ್ಟು, ಆಪ್ಸ್ ಪಟ್ಟಿಯಲ್ಲಿ ಅದಕ್ಕೆ ಸಂಬಂಧಪಟ್ಟದ್ದೆಲ್ಲ ಅನ್‌ಇನ್‌ಸ್ಟಾಲ್ ಮಾಡಿ. ಡಿವೈಸ್ ಮ್ಯಾನೇಜರಲ್ಲಿ ವ್ಯೂ ಒಳಗೆ ಶೋ ಹಿಡನ್ ಡಿವೈಸಸ್ ಕೊಟ್ರೆ ಹಿಂದೆ ಚುಚ್ಚಿದ್ದರ ನೆರಳೆಲ್ಲ ಮಸುಕಾಗಿ ಕಾಣುತ್ತೆ, ಅದರಲ್ಲಿ ಈ ಮಷಿನ್ನಿಂದು ಮಾತ್ರ ತೆಗೀರಿ, ಡ್ರೈವರೂ ಅಳಿಸ್ಲಾ ಅಂತ ಕೇಳಿದ್ರೆ ಹೂಂ ಅನ್ನಿ. ರೀಸ್ಟಾರ್ಟ್ ಮಾಡಿ. ಆಮೇಲೆ ಮಷಿನ್ ಕಂಪನಿಯ ವೆಬ್‌ಸೈಟಿಂದಲೇ ನಿಮ್ಮ ಮಾಡೆಲ್ಲಿಂದು ಇಳಿಸಿ, ಯೂಟ್ಯೂಬಿನ ಕೆಳಗಿರೋ ಲಿಂಕಿಂದ ಅಲ್ಲ, ಬೆರಳಚ್ಚಿನ ವ್ಯವಹಾರ ಇದು, ಜನರ ದುಡ್ಡು. ಮೊದಲು ಡ್ರೈವರ್, ಆಮೇಲೆ ಆರ್‌ಡಿ ಸರ್ವೀಸು (ಆಧಾರ್‌ಗೆ ಬೆರಳಚ್ಚು ಕೊಡೋಕೆ ಮಷಿನ್ ಜತೆ ಓಡೋ ಸಾಫ್ಟ್‌ವೇರು), ಚುಚ್ಚು ಅಂತ ಅದು ಹೇಳಿದಾಗ ಚುಚ್ಚಿ. ಆರ್‌ಡಿ ಸರ್ವೀಸ್ ಓಡದೇ ಇದ್ರೆ ಡಿವೈಸ್ ಮ್ಯಾನೇಜರಲ್ಲಿ ಎಲ್ಲಾ ಚೆಂದ ಕಂಡ್ರೂ ಆಧಾರ್ ಸೈಟಲ್ಲಿ ಮಷಿನ್ ಕಾಣಲ್ಲ, ಆಗ ಮತ್ತೆ ಡ್ರೈವರ್ ಕೀಳೋಕೆ ಹೋಗ್ಬೇಡಿ.

ಹೊಸನಗರ_ಝೆರಾಕ್ಸ್:

ರಾತ್ರಿ ಕೂತು ಮಾಡ್ದೆ. ಎಕ್ಸ್‌ಟೆನ್ಷನ್ ಬಾಯಿಯೊಳಗೆ ನೀವಂದಂಗೆ ಹಸಿರು, ಅದೂ ನಾಲ್ಕರಲ್ಲಿ ಎರಡು ನಾಲಗೆ ಪೂರ್ತಿ. ನೇರ ಹಿಂದೆ ಚುಚ್ಚಿದ ತಕ್ಷಣ ಅನ್‌ನೋನ್ ಅನ್ನೋದು ಹೋಗಿ ಮಷಿನ್ ಹೆಸರು ಬಂತು, ಐಡಿಯಲ್ಲಿ ಸೊನ್ನೆ ಇಲ್ಲ, ಆದರೆ ಕೋಡ್ 28. ಆಮೇಲೆ ಹೇಳಿದ ಪ್ರಕಾರ ಎಲ್ಲಾ ತೆಗೆದು ಡ್ರೈವರ್, ಆರ್‌ಡಿ ಸರ್ವೀಸ್ ಹಾಕ್ದೆ. ಸಾಗರದೋರೇ, ಲಿನಕ್ಸ್ ತನಕ ಹೋಗೋ ಕೆಲಸ ಬೀಳ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ.

ಬೆಳಿಗ್ಗೆ ಮೊದಲ ಗಿರಾಕಿ ನಮ್ಮೂರಿನ ಒಬ್ರು ಅಜ್ಜಿ. ಪೆನ್ಷನ್ ತೆಗೆಯೋಕೆ ಬಂದಿದ್ರು, ಮಷಿನ್ ಲೈಟು ಚೆನ್ನಾಗೇ ಬಂತು, ಆದರೆ ಬೆರಳು ತಗೊಳ್ಳಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದು ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿದೆ. ಇದಕ್ಕೇನಾದ್ರೂ ಉಂಟಾ?

ಮಂಡಿ_ತಕ್ಕಡಿ:

ಉಂಗುರದ ಬೆರಳು, ಇಲ್ಲಾ ಕಿರುಬೆರಳು ಇಡ್ಸಿ ನೋಡಿ, ಅಡಿಕೆ ಸುಲಿಯೋರಿಗೆ ಅವು ಅಷ್ಟು ಸವೆದಿರಲ್ಲ. ಬೆರಳು ಒಣಗಿದ್ರೆ ಒದ್ದೆ ಬಟ್ಟೇಲಿ ಒರೆಸಿ ಸ್ವಲ್ಪ ಹೊತ್ತು ಬಿಟ್ಟು ಇಡ್ಸಿ, ಮಷಿನ್ ಗಾಜೂ ಒರೆಸಿ.

ಹೊಸನಗರ_ಝೆರಾಕ್ಸ್:

ಎಡಗೈ ಉಂಗುರದ ಬೆರಳಿಗೆ ಬಂತು.